ಗೋಡೆಯ ಆಚೆ ನಿಂತ ಹೆಂಡತಿ

ಕೆಲಸದಿಂದ ನಿವೃತ್ತರಾದ ಮೇಲಾದರೂ ಮೇಷ್ಟ್ರು ಆ ಕೋಟೆಪೇಟೆಯನ್ನು ಕಣ್ಣಾರೆ ಕಂಡರು. ಸಮುದ್ರ ದಾಟಿ ಬಂದವರು ದಡದಲ್ಲೇ ಗೋಡೆ ಎಬ್ಬಿಸಿಕೊಂಡು ಆಳಿದ ಊರದು. ಇತಿಹಾಸದ ಪಾಠದಲ್ಲಿ ಮೇಷ್ಟ್ರು ಅದಕ್ಕೆ ಎಷ್ಟು ಸಲ ಮುತ್ತಿಗೆ ಹಾಕಿಸಿದ್ದರೋ, ತಾವು ಮಾತ್ರ ಒಮ್ಮೆಯೂ ಅಲ್ಲಿಗೆ ಹೋಗಿರಲಿಲ್ಲ.

"ನೋಡೇ, ಇದೇ ಹೆಬ್ಬಾಗಿಲು. ಕತ್ತಲಾಗೋ ಹೊತ್ತಿಗೆ ಊರವರನ್ನೆಲ್ಲ ಆಚೆ ಹಾಕಿ..."

"ಕೇಳಿದೀನಿ," ಎಂದಳು ಹೆಂಡತಿ. ಮದುವೆಯಾದಾಗಿನಿಂದ ಕೇಳುತ್ತಲೇ ಇದ್ದಳು, ಪಾಪ. "ನನ್ನ ಮಂಡಿ ಕೈಕೊಟ್ಟಿದೆ. ನೀವು ಕೋಟೆ ಗೆದ್ದು ಬನ್ನಿ, ನಾನಿಲ್ಲೇ ಕೂತಿರ್ತೀನಿ." ಬಾಗಿಲ ಒಳಗೆ, ಕೋಟೆಯ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ ಒಂದು ಮನೆಯ ನೆರಳಲ್ಲಿ ಕೂತೇಬಿಟ್ಟಳು.

ಮೇಷ್ಟ್ರು ಒಬ್ಬರೇ ಗೋಡೆ ಹತ್ತಿದರು. ಮೇಲೆ ಯಾರೋ ಏನೋ ಕೇಳಿದರು, ಇವರು ಸಮುದ್ರಕ್ಕೆ ಬೆನ್ನು ಹಾಕಿ ನಿಂತು ಉತ್ತರಿಸಿದರು. ನೋಡನೋಡುತ್ತಾ ಜನ ಸೇರಿದರು. ಕೇಳಬೇಕೆ, ಮೇಷ್ಟ್ರ ದನಿಗೆ ಹಳೆಯ ಕಸುವು ಮರಳಿತು.

"ಈ ಕೋಟೆಗೆ ಇರೋದು ಒಂದೇ ಬಾಗಿಲು. ಇನ್ನೆಲ್ಲೂ ಒಂದು ನೊಣ ಕೂಡ ನುಸುಳೋ ಹಾಗಿರಲಿಲ್ಲ!"

"ರೀ!" ಕೆಳಗಿನಿಂದ ಕೂಗು ಬಂತು. "ಇಲ್ಲಿ, ಇಲ್ಲಿ ನೋಡಿ!"

ಎಲ್ಲರೂ ಬಗ್ಗಿ ನೋಡಿದರು. ಗೋಡೆಯ ಆಚೆ, ಮರಳಿನ ಮೇಲೆ, ಚಪ್ಪಲಿ ಕೈಯಲ್ಲಿ ಹಿಡಿದು ಮೇಷ್ಟ್ರ ಹೆಂಡತಿ ನಿಂತಿದ್ದಳು.

ಕೇಳುತ್ತಿದ್ದವರಲ್ಲೊಬ್ಬ ಕಿಸಕ್ಕೆಂದ. ಉಳಿದವರು ಪಾಠ ಅಲ್ಲಿಗೇ ಬಿಟ್ಟು, ಆಕೆ ಹೋದ ದಾರಿ ಹುಡುಕುತ್ತಾ ದಡದಡನೆ ಇಳಿದರು. ಮೇಷ್ಟ್ರು ಮುಖ ಗಂಟಿಕ್ಕಿಕೊಂಡು ಹಿಂದೆಯೇ ಬಂದರು.

ಆಕೆ ಕೂತಿದ್ದ ಮನೆಯ ಹಿತ್ತಲಲ್ಲಿ, ನೀರಿನ ಡ್ರಮ್ಮಿನ ಪಕ್ಕ, ಗೋಡೆಯಲ್ಲೊಂದು ಕಂಡಿಯಿತ್ತು. ಒಬ್ಬರು ಬಗ್ಗಿ ದಾಟುವಷ್ಟು.

"ಇದು ಯಾವ ಯುದ್ಧದಲ್ಲಿ ಬಿದ್ದದ್ದು?" ಎಂದರು ಮೇಷ್ಟ್ರು, ಆಸೆ ಬಿಡದೆ.

"ಯುದ್ಧ ಎಲ್ಲಿಂದ ಬಂತು ಸಾರ್?" ಮನೆಯಾಕೆ ನಕ್ಕಳು. "ಕಲ್ಲು ಸಡಿಲಾಗಿತ್ತಂತೆ. ಬಟ್ಟೆ ಒಣಗಿಸೋಕೆ ಹೆಬ್ಬಾಗಿಲು ಸುತ್ತಿ ಹೋಗೋದು ಯಾರು ಅಂತ ನಮ್ಮತ್ತೆ ಕಿತ್ತುಹಾಕಿದರು."

"ಯಾವ ವರ್ಷ?"

"ಅದ್ಯಾರಿಗೆ ಗೊತ್ತು! ಬಿಸಿಲಂತೂ ಚೆನ್ನಾಗಿತ್ತಂತೆ."

ಮೇಷ್ಟ್ರು ಬಗ್ಗಿದರು, ಸಾಕಾಗಲಿಲ್ಲ, ತಲೆ ಠಪ್ಪೆಂದು ಕಲ್ಲಿಗೆ ಬಡಿಯಿತು. ಹಣೆ ಉಜ್ಜಿಕೊಳ್ಳುತ್ತಾ ಆಚೆ ಬಂದರೆ ಕಣ್ಣಿಗೆ ನಿಲುಕದಷ್ಟು ನೀರು. ಬೈಯಬೇಕೆಂದು ಬಂದವರು ಚಪ್ಪಲಿ ಕಳಚಿ ಹೆಂಡತಿಯ ಪಕ್ಕ ನಿಂತರು.

"ಇಷ್ಟು ವರ್ಷ ಈ ಊರಿನ ಬಗ್ಗೆ ಹೇಳಿದಿರಲ್ಲ," ಎಂದಳು ಹೆಂಡತಿ, "ಸಮುದ್ರ ಹೀಗಿದೆ ಅಂತ ಒಂದು ಸಲಾನೂ ಹೇಳಲಿಲ್ಲ."

"ಪರೀಕ್ಷೆಗೆ ಬರ್ತಿರಲಿಲ್ಲ ಕಣೇ," ಎಂದು ಮೇಷ್ಟ್ರು ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚತೊಡಗಿದರು.