ಕಿಟಕಿಯ ಹೊರಗಿನ ಎಲೆ

ಬಳ್ಳಾರಿ ಸೀಮೆಯ ಕರೂರಿನ ಪಕ್ಕೀರಮ್ಮ ಮಹಾಲಯ ಅಮಾವಾಸ್ಯೆಯ ದಿನ ಹಿರಿಯರಿಗೆ ಆರು ಎಲೆ ಹಾಕುತ್ತಾಳೆ. ಐದು ಒಳಗೆ, ಗೋಡೆಯ ಬುಡಕ್ಕೆ ಸಾಲಾಗಿ. ಐದನೆಯದು ಮೂರು ವರ್ಷದ ಹಿಂದೆ ತೀರಿಹೋದ ಗಂಡ ಎರ್ರಣ್ಣನದು. ಆರನೆಯದು ಮಾತ್ರ ಹೊರಗೆ, ಕಿಟಕಿಯ ಕೆಳಗೆ, ನೆಲದ ಮೇಲೆ. ಅದು ಕೇಳೋ ತಾತನ ಎಲೆ. ಒಳಗಿನವರಿಗೆ ಏನೇನು ಬಡಿಸುತ್ತಾಳೋ ಅಷ್ಟೂ ಅದಕ್ಕೂ ಬೀಳಬೇಕು, ಹೋಳಿಗೆಯಿಂದ ಹಿಡಿದು ಕೋಳಿಸಾರಿನವರೆಗೆ. ಒಂದು ತುಂಡು ಹೆಚ್ಚು ಬಿದ್ದರೂ ಯಾರೂ ಕೇಳುವವರಿಲ್ಲ.

ಕೇಳೋ ತಾತ ಎಂದರೆ ಇನ್ನೂರು ವರ್ಷದ ಹಿಂದಿನ ದುರುಗ, ಇವರ ಮನೆತನದ ಹಿರಿಯ. ಆಗ ಬಳ್ಳಾರಿಗೆ ಒಬ್ಬ ಬಿಳಿ ಪಾದ್ರಿ ಬಂದಿದ್ದನಂತೆ, ತನ್ನ ಧರ್ಮದ ಪುಸ್ತಕವನ್ನು ಕನ್ನಡಕ್ಕೆ ಇಳಿಸುವ ಹಟ ತೊಟ್ಟು. ಬರೆದುಕೊಡಲು ಮೇಲುಜಾತಿಯ ಒಬ್ಬ ಮುನ್ಷಿ ಇದ್ದ. ಬರೆದದ್ದು ಜನಕ್ಕೆ ತಿಳಿಯುತ್ತದೋ ಇಲ್ಲವೋ ಎಂದು ಪರೀಕ್ಷಿಸಲು ಪಾದ್ರಿಗೆ ಸಿಕ್ಕವನು ಮಾದಿಗರ ಕೇರಿಯ ದುರುಗ. ಊರಿನಲ್ಲಿ ಮೊಟ್ಟಮೊದಲು ತಲೆಗೆ ನೀರು ಹಾಕಿಸಿಕೊಂಡು ಕ್ರೈಸ್ತನಾದವನೂ ಅವನೇ. ಇವನು ಕೋಣೆಯೊಳಗೆ ಕಾಲಿಟ್ಟರೆ ನಾನು ಲೇಖನಿ ಮುಟ್ಟುವುದಿಲ್ಲ ಎಂದ ಮುನ್ಷಿ. ದೇವರ ಮುಂದೆ ಎಲ್ಲರೂ ಒಂದೇ ಎಂದು ಸಂತೆಯಲ್ಲಿ ನಿಂತು ಗಂಟಲು ಹರಿದುಕೊಳ್ಳುತ್ತಿದ್ದ ಪಾದ್ರಿ, ಅರ್ಧ ದಿನ ಯೋಚನೆ ಮಾಡಿ, ದುರುಗನನ್ನು ಕಿಟಕಿಯ ಹೊರಗೆ ಕೂರಿಸಿದ. ಯೋಚಿಸಲು ಅರ್ಧ ದಿನವಾದರೂ ತೆಗೆದುಕೊಂಡನಲ್ಲ, ಪುಣ್ಯಾತ್ಮ.

ಒಳಗೆ ಒಂದೊಂದೇ ಸಾಲು ಓದುತ್ತಿದ್ದರು. ಕೊನೆಗೆ "ಸರಿ ಐತೇನು?" ಎಂದು ಕೇಳುತ್ತಿದ್ದರು. ದುರುಗ "ಸರಿ ಐತಿ" ಎಂದರೆ ಆ ಸಾಲು ಉಳಿಯಿತು. "ಇಲ್ರಿ, ನಮ್ಮವ್ವಗ ತಿಳಿಯಂಗಿಲ್ಲ" ಎಂದರೆ ಮುನ್ಷಿ ಹಲ್ಲು ಕಡಿಯುತ್ತ ಅಳಿಸಬೇಕು. ಒಂದು ಸಂಜೆ ಮುನ್ಷಿಯ ಕಡೆಯವರು ದುರುಗನನ್ನು ಹಾದಿಯಲ್ಲಿ ಹಿಡಿದು, ಇನ್ನು ಮುಂದೆ ಎಲ್ಲದಕ್ಕೂ ಸರಿ ಅನ್ನಬೇಕು ಎಂದು ಬಡಿದರು. ಎಡಗಿವಿ ಸತ್ತೇಹೋಯಿತು. ಮರುದಿನ ದುರುಗ ಬಲಗಿವಿಯನ್ನು ಕಿಟಕಿಗೆ ತಿರುಗಿಸಿಕೊಂಡು ಕೂತ, ಓದಿದ ಮೊದಲ ಸಾಲಿಗೇ "ಇಲ್ರಿ" ಎಂದ. ಈ ಕಥೆ ಹೇಳುವಾಗ ಪಕ್ಕೀರಮ್ಮನ ಕುತ್ತಿಗೆ ತಾನಾಗಿ ನೆಟ್ಟಗಾಗುತ್ತದೆ.

ಪಾದ್ರಿ ಸತ್ತ, ದುರುಗನೂ ಸತ್ತ. ಅವನ ಮಗನಿಗೆ ಕೇರಿಯಲ್ಲಿ ಯಾರೂ ಹೆಣ್ಣು ಕೊಡಲಿಲ್ಲ. ಕೊನೆಗೆ ದುರುಗಮ್ಮನಿಗೆ ಕೋಳಿ ಕೊಯ್ದು, ಕುಲದವರ ಕಾಲಿಗೆ ಬಿದ್ದು, ಮನೆತನ ಮತ್ತೆ ಹಳೆಯ ದೇವರಿಗೇ ಸೇರಿತು. ಅಂದಿನಿಂದ ಯಾರೂ ಚರ್ಚಿನ ಮೆಟ್ಟಿಲು ಹತ್ತಿದವರಲ್ಲ. ಆದರೆ ತಾತನ ಎಲೆ ಮಾತ್ರ ಹೊರಗೇ ಉಳಿಯಿತು. ಎಲೆ ಹಾಕಿದ ಮೇಲೆ ಮನೆಯ ಒಬ್ಬರು ಕಿಟಕಿಯ ಒಳಗೆ ನಿಂತು ಏನಾದರೂ ಓದಬೇಕು, ಯಾವ ಕಾಗದವಾದರೂ ಸರಿ, ಆಮೇಲೆ "ತಾತಾ, ಸರಿ ಐತೇನು?" ಎಂದು ಕೇಳಿ ಒಂದು ಗಳಿಗೆ ಸುಮ್ಮನಿದ್ದು ಊಟಕ್ಕೆ ಕೂರಬೇಕು. ಓದು ಬಲ್ಲವರಿಲ್ಲದ ಮನೆ, ಎಷ್ಟೋ ವರ್ಷ ಕೇರಿಯ ಸಾಲಿಮಕ್ಕಳನ್ನು ಕರೆದು ಓದಿಸಿದರು. ಮಗಳು ಪೂಜಿತಾ ಮೂರನೇ ಕ್ಲಾಸಿಗೆ ಬಂದ ಮೇಲೆ ಆ ಕೆಲಸ ಅವಳದಾಯಿತು. ಅವಳು ಓದುವಾಗ ಪಕ್ಕೀರಮ್ಮ ಕೋಲು ಹಿಡಿದು ಹೊರಗೆ ಕಾವಲು ನಿಲ್ಲುತ್ತಾಳೆ, ಕರಿಯ ಎಂಬ ನಾಯಿ ತಾತನ ಎಲೆಗೆ ಬಾಯಿ ಹಾಕದಂತೆ. ಎರಡು ಸಲ ಏಟು ತಿಂದ ಕರಿಯ ಈಗ ಆ ಕಿಟಕಿಯ ಕಡೆ ಮೂತಿಯನ್ನೂ ತಿರುಗಿಸುವುದಿಲ್ಲ.

ಕಳೆದ ಫೆಬ್ರುವರಿಯಲ್ಲಿ ಈ ಮನೆಯ ಮುಂದೆ ಬಳ್ಳಾರಿಯ ಕಾರೊಂದು ನಿಂತಿತು. ಇಳಿದವರು ಸಾಲೊಮನ್ ರತ್ನಂ, ನಿವೃತ್ತ ಹೆಡ್‌ಮಾಸ್ತರರು, ಹಳೆಯ ಕಲ್ಲುಚರ್ಚಿನ ಕಾರ್ಯದರ್ಶಿ. ದುರುಗ ಕ್ರೈಸ್ತನಾದ ಹದಿನಾಲ್ಕು ವರ್ಷಕ್ಕೆ ಆ ಮುನ್ಷಿಯೂ ಕ್ರೈಸ್ತನಾಗಿದ್ದ. ರತ್ನಂ ಅವನ ಮರಿಮಕ್ಕಳ ಪೈಕಿ, ಅದನ್ನು ದಿನಕ್ಕೊಮ್ಮೆ ಹೇಳದಿದ್ದರೆ ಅವರಿಗೆ ಅನ್ನ ಅರಗದು. ಚರ್ಚಿಗೆ ಇನ್ನೂರು ವರ್ಷ ತುಂಬಿತ್ತು. ಹೊರದೇಶದ ಅತಿಥಿಗಳು ಬರುವವರಿದ್ದರು. ಹಳೆಯ ಕಾಗದದಲ್ಲಿ ಕಿಟಕಿಯ ಹೊರಗಿನವನ ಸುದ್ದಿ ಓದಿ, ಅವನ ವಂಶದವರು ಯಾರಾದರೂ ಇದ್ದಾರೆಯೇ ಎಂದು ಆ ಅತಿಥಿಗಳೇ ಕೇಳಿದ್ದರು. ಇಲ್ಲವಾದರೆ ರತ್ನಂ ಕರೂರಿನ ಕೆಸರು ತುಳಿಯುವವರಲ್ಲ.

ನಾಟಿ ಗದ್ದೆಯಿಂದ ಎದ್ದು ಬಂದ ಪಕ್ಕೀರಮ್ಮನನ್ನು ಬಳ್ಳಾರಿಗೆ ಕರೆದೊಯ್ದರು. ವೇದಿಕೆ ಹತ್ತಿಸಿದರು, ಶಾಲು ಹೊದಿಸಿದರು, ಕೈಗೆ ಶಿಲುಬೆ ಕೊಟ್ಟು ಫೋಟೋ ತೆಗೆದರು. ಬಿಳಿ ಹೆಂಗಸೊಬ್ಬಳು ತಬ್ಬಿಕೊಂಡು ಅತ್ತಳು. ಪಕ್ಕೀರಮ್ಮನಿಗೂ ಅಳು ಬಂತು. ಜೀವಮಾನದಲ್ಲಿ ಮೊದಲ ಸಲ ಯಾರೋ ದೊಡ್ಡವರು ಅವಳಿಗೆ ಕುರ್ಚಿ ಎಳೆದುಕೊಟ್ಟಿದ್ದರು. ಆಮೇಲೆ ರತ್ನಂ ಸ್ಮರಣ ಸಂಚಿಕೆಗೆಂದು ಬರೆದ ಒಂದು ಕಾಗದ ತಂದರು.

"ನಿಮ್ಮ ತಾತಂದೇ ಬರ್ದೀನಮ್ಮ, ಕೇಳ್ರಿ" ಎಂದು ಓದಿದರು. "ನಮ್ಮದು ಈ ಸಭೆಯ ಪ್ರಥಮ ಕ್ರೈಸ್ತ ಮನೆತನ. ಇಂದಿಗೂ ಆ ವಿಶ್ವಾಸವನ್ನು ಕಾಪಾಡಿಕೊಂಡು ಬಂದಿದ್ದೇವೆ." ಕನ್ನಡಕದ ಮೇಲಿಂದ ನೋಡಿ ಕೇಳಿದರು, "ಸರಿ ಐತೇನಮ್ಮ?"

ಪಕ್ಕೀರಮ್ಮನ ಮೈ ಜುಮ್ಮೆಂದಿತು. ಇನ್ನೂರು ವರ್ಷ ಆದ ಮೇಲೆ, ಅದೇ ಊರಿನಲ್ಲಿ, ಅದೇ ಮುನ್ಷಿಯ ಮನೆಯವರು, ತಾತನನ್ನು ಕೇಳಿದ ಹಾಗೆ ತನ್ನನ್ನು ಕೇಳುತ್ತಿದ್ದಾರೆ! ಅದೂ ಒಳಗೆ ಕೂರಿಸಿ. ಸಾಲಿನಲ್ಲಿ ಏನಿದೆ ಎಂದು ಅವಳು ಕೇಳಿಸಿಕೊಳ್ಳಲೇ ಇಲ್ಲ. "ಸರಿ ಐತ್ರಿ" ಎಂದು ಹೆಬ್ಬೆಟ್ಟು ಒತ್ತಿದಳು. ತಾತ ಕಿವಿ ಕಳೆದುಕೊಂಡು ಉಳಿಸಿದ್ದನ್ನು ಮೊಮ್ಮಗಳು ಒಂದು ಶಾಲಿಗೆ ಬಿಟ್ಟುಕೊಟ್ಟಳು, ಪಾಪ, ಖುಷಿಯಲ್ಲಿ.

ಜುಲೈನಲ್ಲಿ ಪೂಜಿತಾಳಿಗೆ ಸರ್ಕಾರಿ ನೌಕರಿಯ ಪಟ್ಟಿಯಲ್ಲಿ ಹೆಸರು ಬಂತು: ಕುರುಗೋಡಿನಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್. ಪರಿಶಿಷ್ಟ ಜಾತಿಗೆ ಇದ್ದದ್ದು ಒಂದೇ ಜಾಗ. ಎಂಎ ಮಾಡಿ, ನಾಲ್ಕು ವರ್ಷ ಸಿರುಗುಪ್ಪದ ಬಸ್ಸಿನಲ್ಲಿ ನಿಂತುಕೊಂಡೇ ಓಡಾಡಿ, ಕೋಚಿಂಗ್ ಮುಗಿಸಿ ಬಂದು ಸಂಜೆ ತಾಯಿಯ ಜೊತೆ ಕಳೆ ಕಿತ್ತು ಓದಿದ ಹುಡುಗಿ. ಆ ಪಟ್ಟಿಯಲ್ಲಿ ಅವಳ ಕೆಳಗಿದ್ದವಳು ಬಾದನಹಟ್ಟಿಯವಳು. ಅವಳ ಕಡೆಯವರು ಚರ್ಚಿನ ಸ್ಮರಣ ಸಂಚಿಕೆಯನ್ನು ಎಲ್ಲಿಂದಲೋ ತಂದು, ಪಕ್ಕೀರಮ್ಮನ ಫೋಟೋ ಮತ್ತು ಹೆಬ್ಬೆಟ್ಟಿನ ಪುಟವನ್ನು ತಕರಾರು ಅರ್ಜಿಗೆ ಲಗತ್ತಿಸಿದರು.

"ಯಮ್ಮಾ, ಎಂಥದಕ್ಕ ಹೆಬ್ಬೆಟ್ಟು ಒತ್ತಿ ಬಂದೀ?" ಪೂಜಿತಾ ನೋಟಿಸನ್ನು ತಾಯಿಯ ಮುಖದ ಮುಂದೆ ಹಿಡಿದಳು. "ಕಿರಿಸ್ತಾನ್ರಾದ್ರ ನಮಗ ಎಸ್‌ಸಿ ಸರ್ಟಿಫಿಕೇಟಿಲ್ಲ. ಸರ್ಟಿಫಿಕೇಟಿಲ್ಲಂದ್ರ ನೌಕ್ರಿ ಇಲ್ಲ. ಜೈಲಿಗೂ ಹಾಕ್ತಾರ."

"ನಾವೆಲ್ಲಿ ಕಿರಿಸ್ತಾನ್ರು ಬೇ? ತಾತ ಆಗಿದ್ದ."

"ಹಂಗಂತ ಬರೆದಿಲ್ಲಲ್ಲ ಅದ್ರಾಗ!"

ಒಂದು ದಾರಿಯಿತ್ತು. ಇವರು ನಮ್ಮ ಸಭೆಯ ಸದಸ್ಯರಲ್ಲ ಎಂದು ಚರ್ಚಿನಿಂದ ನಾಲ್ಕು ಸಾಲಿನ ಪತ್ರ. ನಿಜವೂ ಅದೇ. ತಾಯಿ ಮಗಳು ಬಳ್ಳಾರಿಗೆ ಹೋದರು. ಚರ್ಚಿನ ಅಂಗಳದಲ್ಲಿ ಹೊಸ ಗ್ರಾನೈಟ್ ಕಲ್ಲು ನಿಂತಿತ್ತು. ಮೇಲೆ ಪಾದ್ರಿಯ ಹೆಸರು, ಅವನ ಕೆಳಗೆ ಬಂಗಾರದ ಬಣ್ಣದಲ್ಲಿ ಮುನ್ಷಿಯ ಹೆಸರು, 'ಪ್ರಥಮ ದೇಶೀಯ ವಿಶ್ವಾಸಿ' ಎಂದು. ತೀರಾ ಕೆಳಗೆ ಸಣ್ಣ ಅಕ್ಷರದಲ್ಲಿ 'ಮತ್ತು ಸಹಾಯಕನೊಬ್ಬ' ಎಂದಿತ್ತು. ಪೂಜಿತಾ ಓದಿ ಹೇಳಿದಳು.

"ನಮ್ಮ ತಾತನ ಹೆಸರ್ರೀ?" ಎಂದಳು ಪಕ್ಕೀರಮ್ಮ.

"ಕಲ್ಲಿನಾಗ ಜಾಗ ಸಾಲ್ಲಿಲ್ಲಮ್ಮ" ಎಂದರು ರತ್ನಂ, ಕಲ್ಲನ್ನು ತಾವೇ ಅಳತೆ ಕೊಟ್ಟು ಮಾಡಿಸಿದವರು. ಪತ್ರದ ಮಾತು ತೆಗೆದಾಗ ಅವರ ಮುಖ ಗಂಭೀರವಾಯಿತು. "ಸಂಚಿಕೆ ಹೊರದೇಶಕ್ಕೆಲ್ಲ ಹೋಗೈತಿ. ಈಗ ನಾನೇ ಅಲ್ಲ ಅಂತ ಬರ್ದುಕೊಟ್ರ ಅವ್ರ ಮುಂದ ನನ್ನ ಮರ್ಯಾದಿ ಏನಾಗ್ಬೇಕು? ಒಂದು ಮಾತು ಹೇಳ್ತೀನಿ, ತಪ್ಪು ತಿಳೀಬ್ಯಾಡ್ರಿ. ಬರೋ ಭಾನುವಾರ ಇಬ್ರೂ ಬಂದು ಸೇರಿಬಿಡ್ರಿ. ನಮ್ಮ ಸಾಲಿಯಾಗ ಆಯಾ ಕೆಲಸ ಖಾಲಿ ಐತಿ, ಹುಡುಗಿಗೆ ಕೊಡಿಸ್ತೀನಿ."

ಎಂಎ ಓದಿದ ಹುಡುಗಿ ತಾಯಿಯ ಕೈ ಹಿಡಿದು ಬಸ್ಸಿನ ಕಡೆ ನಡೆದಳು.

ಮಹಾಲಯ ಅಮಾವಾಸ್ಯೆ ಬಂತು. ಬೆಳಿಗ್ಗೆಯೇ ಪೂಜಿತಾ ತಾಯಿಯನ್ನು ಹಿಡಿದು ನಿಲ್ಲಿಸಿದಳು. "ಈ ಸಲ ಹೊರಗ ಎಲಿ ಹಾಕಬ್ಯಾಡ. ವಿಚಾರಣಿ ಮುಗಿಯೋಮಟ ಬ್ಯಾಡ. ಕೈ ಮುಗಿತೀನಿ."

"ಎಲ್ಲರ್ದೂ ಹೊಟ್ಟಿ ತುಂಬಿಸಿ ಅವನೊಬ್ಬನ್ನ ಉಪಾಸ ಕೆಡವ್ಲೇನು?" ಪಕ್ಕೀರಮ್ಮನಿಗೆ ರೇಗಿತು. "ರಜಾ ದಿನ ಯಾವ ಸಾಹೇಬ ಬರ್ತಾನ ನಮ್ಮ ಮನಿಗೆ? ನೀ ಓದಬ್ಯಾಡ, ಬಿಡು. ಎಲಿ ನಾ ಹಾಕ್ತೀನಿ."

ಸಾಹೇಬ ಬಂದ. ರಜೆ ಎಂದೇ ಬಂದ. ಯಾರು ಯಾವ ದೇವರಿಗೆ ನಡೆದುಕೊಳ್ಳುತ್ತಾರೆ ಎಂದು ತಿಳಿಯಬೇಕಾದರೆ ಹಬ್ಬದ ದಿನ ಮನೆಗೆ ನುಗ್ಗಬೇಕು, ಇದು ಅವನ ಕೆಲಸದ ರೀತಿ. ಜಾತಿ ವಿಚಾರಣೆಯ ಇನ್‌ಸ್ಪೆಕ್ಟರ್, ಜೊತೆಗೆ ಬರೆದುಕೊಳ್ಳಲು ಒಬ್ಬ ಗುಮಾಸ್ತ. ಸಾಕ್ಷಿಗೆಂದು ಕೇರಿಯ ಹಿರಿಯ ಗಾದಿಲಿಂಗನನ್ನೂ ಕರೆಸಿದರು. ಇನ್‌ಸ್ಪೆಕ್ಟರ್ ಒರಟನಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದ, ಅಮ್ಮ ಎಂದೇ ಮಾತಾಡಿಸಿದ, ದುರುಗಮ್ಮನ ಪಟ ನೋಡಿದ, ಎಡೆ ನೋಡಿದ, ಬರೆಸಿದ. ಎಲ್ಲ ಸರಿಯಾಗಿತ್ತು. ಪೂಜಿತಾಳ ಎದೆ ಅಷ್ಟಿಷ್ಟು ಹಗುರಾಗುವಷ್ಟರಲ್ಲಿ ಅವನು ಕಿಟಕಿಯಿಂದ ಕೆಳಗೆ ಬಗ್ಗಿದ.

"ಒಳಗ ಐದು ಎಲಿ, ಹೊರಗ ಒಂದು. ಅದು ಯಾರ್ದಮ್ಮ?"

ಪಕ್ಕೀರಮ್ಮ ಹೊರಗೆ ಕೋಲು ಹಿಡಿದು ನಿಂತಿದ್ದಳು. ಮಗಳ ಮುಖ ನೋಡಿದಳು. ಸುಣ್ಣದ ಹಾಗೆ ಬೆಳ್ಳಗಾಗಿತ್ತು.

"ನಾಯಿದ್ರಿ" ಎಂದಳು.

"ನಾಯಿಗೆ ಹೋಳಿಗಿ? ಕೋಳಿಸಾರು?" ಇನ್‌ಸ್ಪೆಕ್ಟರ್ ನಕ್ಕ. "ಭಾಳ ಪುಣ್ಯ ಮಾಡೈತಿ ನಿಮ್ಮ ನಾಯಿ. ಏನಪಾ ಗಾದಿಲಿಂಗ, ಹೌದೇನು?"

ಗಾದಿಲಿಂಗ ಚಿಕ್ಕಂದಿನಲ್ಲಿ ಅದೇ ಕಿಟಕಿಯಲ್ಲಿ ನಿಂತು ತಾತನಿಗೆ ಪಾಠ ಓದಿ ಹೋಳಿಗೆ ತಿಂದವನು. ನೆಲ ನೋಡುತ್ತ "ನಾಯಿದಾ ಇರಬೇಕ್ರಿ" ಎಂದ.

"ಹಂಗಾರ ಕರೀಯಮ್ಮ. ತಿನ್ನಲಿ, ನೋಡಾಣ."

ಪಕ್ಕೀರಮ್ಮ ಕರೆದಳು. ಕರಿಯ ಬಂದ, ಅಂಗಳದ ತುದಿಯಲ್ಲೇ ನಿಂತ. ಎಲೆ ನೋಡಿದ, ಅವಳ ಕೈಯ ಕೋಲು ನೋಡಿದ, ಬಾಲ ಮುದುರಿಕೊಂಡು ಕೂತುಬಿಟ್ಟ. ಇನ್‌ಸ್ಪೆಕ್ಟರ್ ಗುಮಾಸ್ತನ ಕಡೆ ನೋಡಿ ಹುಬ್ಬು ಹಾರಿಸಿದ. ಪಕ್ಕೀರಮ್ಮ ಕೋಲು ಬಿಸಾಕಿದಳು. ಆದರೂ ಕರಿಯ ಕದಲಲಿಲ್ಲ. ಅವಳೇ ಕಲಿಸಿದ ಬುದ್ಧಿ, ಅಷ್ಟು ಬೇಗ ಬಿಡುತ್ತದೆಯೇ?

ಕೊನೆಗೆ ಅವಳು ಎಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ತಾತನಿಗೆಂದು ಆರಿಸಿ ಹಾಕಿದ್ದ ದೊಡ್ಡ ತುಂಡನ್ನು ಕೈಯಲ್ಲಿ ಹಿಡಿದು, "ಬಾ ಕರಿಯಾ, ಬಾರೋ ನನ್ನಪ್ಪ, ನಿಂದಾ ಐತಿ, ತಿನ್ನು" ಎಂದು ರಮಿಸಿದಳು. ನಾಯಿ ತೆವಳಿಕೊಂಡು ಬಂತು. ಮೊದಲು ಅವಳ ಕೈ ನೆಕ್ಕಿತು. ಆಮೇಲೆ ಎಲೆಗೆ ಬಾಯಿ ಹಾಕಿತು. ಹಸಿದ ನಾಯಿ, ಹೋಳಿಗೆಯನ್ನೂ ಬಿಡಲಿಲ್ಲ, ಎಲೆಯನ್ನು ನೆಲಕ್ಕೆ ಉಜ್ಜಿ ಉಜ್ಜಿ ನೆಕ್ಕಿತು. ಪಕ್ಕೀರಮ್ಮ ಅಷ್ಟು ಹೊತ್ತೂ ಅದರ ಬೆನ್ನು ಸವರುತ್ತ ಕೂತಿದ್ದಳು, ಸಾಹೇಬ ನೋಡುತ್ತಿದ್ದನಲ್ಲ.

ತಕರಾರು ಅರ್ಜಿಯ ಒಂದೊಂದು ಮಾತಿಗೂ ಮನೆಯವರ ಉತ್ತರವೆಂದು ಗುಮಾಸ್ತ ಮಹಜರು ಬರೆದು ಮುಗಿಸಿದ. ಬರೆದದ್ದನ್ನು ಮನೆಯವರಿಗೆ ಓದಿ ಹೇಳಿ ಹೆಬ್ಬೆಟ್ಟು ಹಾಕಿಸಬೇಕು, ಅದು ನಿಯಮ. "ಹುಡುಗಿ ಕಲಿತಾಳಲ್ಲ, ಆಕಿನಾ ಓದ್ಲಿ" ಎಂದ ಇನ್‌ಸ್ಪೆಕ್ಟರ್. ಒಳಗೆ ಕತ್ತಲು. ಪೂಜಿತಾ ಕಾಗದವನ್ನು ಬೆಳಕಿಗೆ ಹಿಡಿಯಲು ಕಿಟಕಿಗೆ ಬಂದು ನಿಂತಳು. ಪಕ್ಕೀರಮ್ಮ ಹೊರಗೆ, ಕಿಟಕಿಯ ಕೆಳಗೆ, ಎದ್ದಿರಲೇ ಇಲ್ಲ.

"ಕಿಟಕಿಯ ಹೊರಗೆ ಕಂಡುಬಂದ ಎಲೆಯು ಸಾಕುನಾಯಿಯದು" ಎಂದು ಪೂಜಿತಾ ಓದಿದಳು. ಪ್ರತಿ ವರ್ಷ ಓದುತ್ತಿದ್ದ ಅದೇ ಧ್ವನಿ. "ದುರುಗ ಎಂಬ ಹೆಸರಿನ ಯಾವ ಹಿರಿಯನೂ ಈ ಮನೆತನದಲ್ಲಿ ಹುಟ್ಟಿರುವುದಿಲ್ಲ. ಅಂಥವನ ವಿಷಯ ನಾವು ಕೇಳಿರುವುದೂ ಇಲ್ಲ."

"ಸರಿ ಐತೇನಮ್ಮ?" ಎಂದ ಇನ್‌ಸ್ಪೆಕ್ಟರ್ ಒಳಗಿನಿಂದ.

ಹೊರಗೆ ಸದ್ದಿಲ್ಲ. ಪೂಜಿತಾ ಕಿಟಕಿಯ ಸರಳು ಹಿಡಿದು ಕೆಳಗೆ ನೋಡಿದಳು. ತಾಯಿಯ ನೆತ್ತಿಯ ಬಿಳಿಗೂದಲು ಕಾಣುತ್ತಿತ್ತು. ಅವಳು 'ಇಲ್ರಿ' ಎಂದುಬಿಟ್ಟರೆ ಎಂದು ಪೂಜಿತಾಳಿಗೆ ಜೀವ ಹೋಯಿತು.

"ಕೇಳ್ಸಲಿಲ್ಲೇನು? ಸರಿ ಐತೇನಮ್ಮ?"

"ಸರಿ ಐತ್ರಿ" ಎಂದಳು ಪಕ್ಕೀರಮ್ಮ.

ಕಾಗದವನ್ನು ಕಿಟಕಿಯ ಸರಳಿನ ನಡುವೆಯೇ ಹೊರಗೆ ಕೊಟ್ಟರು. ಹೆಬ್ಬೆಟ್ಟು ಒತ್ತಿದಳು. ಬೆರಳಿಗೆ ಸಾರಿನ ಎಣ್ಣೆ, ನಾಯಿಯ ಜೊಲ್ಲು, ಗುರುತು ಬೀಳಲಿಲ್ಲ. ಸೀರೆಗೆ ಕೈ ಒರಸಿಕೊಂಡು ಇನ್ನೊಮ್ಮೆ ಒತ್ತಮ್ಮ ಎಂದರು. ಒರಸಿಕೊಂಡು ಇನ್ನೊಮ್ಮೆ ಒತ್ತಿದಳು. ಈ ಸಲ ಚೆನ್ನಾಗಿ ಬಿತ್ತು.

ಜೀಪು ಹೋದ ಮೇಲೆ ಪೂಜಿತಾ ಹೊರಗೆ ಬಂದು, "ಯಮ್ಮಾ, ಏಳು, ಹೊಸ ಎಲಿ ಹಾಕಾಣ, ತಾತಗ" ಎಂದಳು.

"ಯಾವ ತಾತ?" ಎಂದಳು ಪಕ್ಕೀರಮ್ಮ, ಕರಿಯನ ತಲೆ ಸವರುತ್ತ.