ಎರಡನೆಯ ಅಕ್ಷರ

ಮತ್ತೆ ಅವಳ ಮುಖವನ್ನೇ ನೋಡಿದ, ನನ್ನ ತಲೆಯ ಮೇಲಿಂದ ಹಾದುಹೋಯಿತು ಡಾಕ್ಟರನ ಕಣ್ಣು, ಇವರಿಗೆ ಅರ್ಥವಾಗುತ್ತದೆಯೇ ಅಂತ ಮಲಯಾಳದಲ್ಲಿ ಕೇಳುತ್ತಿದ್ದಾನೆ, ನನ್ನನ್ನಲ್ಲ, ಗಾಲಿಕುರ್ಚಿ ಹಿಡಿದು ನಿಂತ ನನ್ನ ಹೆಂಡತಿ ವಿನೋದಾಳನ್ನು — ಅರ್ಥವಾಗುತ್ತದೆ ಮಾರಾಯ, ಕಾಸರಗೋಡಿನಲ್ಲಿ ಹುಟ್ಟಿದವನಿಗೆ ನಿನ್ನ ಮಲಯಾಳ ಅರ್ಥವಾಗದೆ ಏನು, ಕೊಚ್ಚಿಯ ಕೋರ್ಟಿನಲ್ಲಿ ಇಪ್ಪತ್ತಾರು ವರ್ಷ ಸಾಕ್ಷಿಗಳ ಹೇಳಿಕೆ ಬರೆದುಕೊಂಡ ಯಜ್ಞನಾರಾಯಣ ನಾನು, ರೋಗ ತಿಂದದ್ದು ನಾಲಿಗೆಯನ್ನು, ಕಾಲನ್ನು, ತಲೆಯನ್ನಲ್ಲ, ಮಾತು ಬಾರದ ಸಾಕ್ಷಿ ಬರೆದು ತೋರಿಸಿದರೂ ಅದು ಬಾಯಿಮಾತೇ ಅನ್ನುತ್ತದೆ ಕಾನೂನು, ಅಂಥವರೆದುರು ಗಂಟೆಗಟ್ಟಲೆ ಕಾದಿದ್ದೇನೆ, ಇಲ್ಲಿ ತಿರುವನಂತಪುರದಲ್ಲಿ, ನನ್ನ ಕೆಲಸ ಇರಬೇಕೋ ಹೋಗಬೇಕೋ ಎಂದು ತೀರ್ಮಾನಿಸುವ ಮೆಡಿಕಲ್ ಬೋರ್ಡಿನವರಿಗೆ ಎರಡು ನಿಮಿಷವಿಲ್ಲ. ಕೆಲಸ ಮುಂದುವರಿಸಲು ಇಷ್ಟವಿದೆಯೇ — ಕೊನೆಗೂ ನನ್ನನ್ನು ಕೇಳಿದ, ಮಡಿಲಲ್ಲಿ ಟ್ಯಾಬ್, ಆಡುವ ಒಂದೇ ಬೆರಳು, ಮಲಯಾಳದಲ್ಲೂ ಒತ್ತಬಹುದಿತ್ತು, ಅವಸರದಲ್ಲಿ ಬೆರಳಿಗೆ ಬರುವುದು ಕನ್ನಡವೇ, ಬೇ, ಆಯಿತು, ಇನ್ನೊಂದೇ ಅಕ್ಷರ, ಬೆರಳು ನಡುಗುತ್ತದೆ, ತಡೆ, ಬರುತ್ತಿದ್ದೇನೆ, ಚೇಚಿ, ಅಕ್ಕಾ, ಅರ್ಧದಲ್ಲಿ ಬಾಯಿ ಹಾಕಬೇಡಿ, ಹತ್ತು ಎಣಿಸಿ, ಮತ್ತೆ ಹತ್ತು ಎಣಿಸಿ ಅಂತ ಕಲೂರಿನ ಸ್ಪೀಚ್ ಥೆರಪಿಸ್ಟ್ ಫಾತಿಮಾ ಎಷ್ಟು ಸಲ ಹೇಳಿದಳು ಇವಳಿಗೆ, ತಲೆಯಾಡಿಸಿದ್ದಳಲ್ಲ, ಈಗ ಬಗ್ಗಿ ಪರದೆ ನೋಡಿ, ಇವರು ಬೇಡ ಅನ್ನುತ್ತಿದ್ದಾರೆ, ಡಾಕ್ಟರ್, ವೇಂಡ, ಅಂದೇಬಿಟ್ಟಳು — ಅಯ್ಯೋ ಪಾಪಿ, ಯಾರಿಗೆ ಬೇಡ?

ಬರೆಯುತ್ತಿದ್ದಾನೆ, ಅವಳ ಬೇಡವನ್ನು ನನ್ನ ಹೆಸರಿನೆದುರು ಬರೆಯುತ್ತಿದ್ದಾನೆ, ಸಾಕಲ್ಲ ಇನ್ನು, ಮನೇಲಿರಿ, ನನಗೂ ಒಬ್ಬಳಿಗೇ ಆಗುದಿಲ್ಲ ಮಾರಾಯ್ರೆ, ನಿನ್ನೆ ಅಂದಳು, ನಿಜ, ಬೆಳಿಗ್ಗೆ ಎತ್ತುವವಳು, ಸ್ನಾನ ಮಾಡಿಸುವವಳು, ಆಟೋಗೆ ಹತ್ತಿಸುವವಳು, ಅವಳ ಸೊಂಟ ಬಿದ್ದುಹೋಗಿದೆ, ಎಲ್ಲ ಗೊತ್ತು, ಆದರೆ ಅದನ್ನು ನಿನ್ನ ಬಾಯಿಂದ ನಿನ್ನದೆಂದು ಹೇಳು, ನನ್ನ ಅಕ್ಷರ ಕದ್ದು ಹೇಳಬೇಡ! ಕ, ಜಾರಿತು, ಅಳಿಸು, ಕ, ಕು, ದನಿಯ ಗುಂಡಿ — ಬೇಕು, ಅಂದಿತು ಟ್ಯಾಬ್, ಯಾವಳೋ ಹುಡುಗಿಯ ನಯವಾದ ದನಿ, ಇಷ್ಟು ಸಿಟ್ಟಿಗೆ ಅಂಥ ದನಿಯೇ ಸಿಗಬೇಕೆ, ಎಂದಾ ಪರಞ್ಞದ್, ಏನು ಹೇಳಿದ್ದೆಂದು ಡಾಕ್ಟರ್ ವಿನೋದಾಳನ್ನು ಕೇಳುತ್ತಾನೆ, ಮತ್ತೆ ಒತ್ತಿದೆ, ಬೇಕು, ಬೇಕು, ಬಾಗಿಲಲ್ಲಿ ಕಾದವರೆಲ್ಲ ಇಣುಕಿದರು, ಬೇಕು, ಆಗ ನೆಲ ನೋಡುತ್ತಾ ಅವಳು, ವೇಣಂ, ಬೇಕಂತೆ, ನಾನೇ ತಪ್ಪು ಹೇಳಿದೆ. ಬರೆದದ್ದನ್ನು ಒಂದು ಗೀಟೆಳೆದು ಹೊಡೆದುಹಾಕಿದ, ಆರು ತಿಂಗಳು ನೋಡೋಣ, ಮುಂದಿನವರು, ಅಷ್ಟೇ, ಗೆದ್ದೆ, ಗೆದ್ದ ಮೇಲೂ ಎದೆ ಕುದಿಯುತ್ತಿದೆ, ಕೊಚ್ಚಿಯವರೆಗೆ ರೈಲಿನಲ್ಲಿ ಇವಳ ಎದುರೇ ಕೂರಬೇಕು, ಒತ್ತುತ್ತೇನೆ, ಒಂದೊಂದೇ ಅಕ್ಷರ, ಎಲ್ಲ ಹೇಳುತ್ತೇನೆ — ಕುರ್ಚಿಯ ಬ್ರೇಕ್ ಬಿಡಿಸಲು ಬಗ್ಗಿದಳು, ಮುಖ ನನ್ನ ಮುಖದ ಹತ್ತಿರ, ಹಲ್ಲಿನಡಿ ಕೆಳತುಟಿ, ಬಿಳಿಚಿದ ಕೆಳತುಟಿ, ರಕ್ತ ಬರುವಷ್ಟು ಕಚ್ಚಿದ ಆ ಕೆಳತುಟಿ