ಸಹಿಯ ಮೇಲಿನ ಎರಡು ಸಾಲು

ಐಸೆಲಿನ್‌ನ ಓಕ್ ಟ್ರೀ ರೋಡಿನಲ್ಲಿ ಒಂದು ಸೀರೆ ಅಂಗಡಿಯ ಮಹಡಿಯ ಮೇಲೆ ಮುಕುಂದನ ಇನ್ಶೂರೆನ್ಸ್ ಆಫೀಸು. ನ್ಯೂಜೆರ್ಸಿ, ನ್ಯೂಯಾರ್ಕ್ ಎರಡೂ ಕಡೆಯ ಕನ್ನಡದವರು ಕಾರಿಗೆ, ಮನೆಗೆ, ಜೀವಕ್ಕೆ ವಿಮೆ ಮಾಡಿಸುವುದು ಅವನ ಬಳಿಯೇ. ಅದಕ್ಕೇ ನಾನು ಮೂರು ತಿಂಗಳು ಅವನ ಮೆಟ್ಟಿಲು ತುಳಿದಿರಲಿಲ್ಲ. ಅವನಿಗೆ ಗೊತ್ತಾಗುವುದೂ ಒಂದೇ, ಕನ್ನಡ ಕೂಟದ ಮೈಕಿನಲ್ಲಿ ಹೇಳಿಸುವುದೂ ಒಂದೇ. ಯೆಲ್ಲೋ ಪೇಜಸ್ ಎಂಬ ಫೋನ್ ಪುಸ್ತಕ ಹಿಡಿದುಕೊಂಡು ಹನ್ನೊಂದು ಜನ ಏಜೆಂಟರಿಗೆ ಫೋನ್ ಮಾಡಿದೆ. ಕುಡಿದು ಗಾಡಿ ಓಡಿಸಿದ ಕೇಸು ಎಂದ ಕೂಡಲೇ ಹನ್ನೊಂದೂ ಜನ 'ಸಾರಿ ಸರ್' ಎಂದು ಫೋನ್ ಇಟ್ಟರು. ಹನ್ನೆರಡನೆಯವನು ಮುಕುಂದ.

ನನ್ನ ಹೆಸರು ಮುರುಗೆಪ್ಪ, ಗದಗಿನ ಕಡೆಯವನು, ವಯಸ್ಸು ನಲವತ್ತೆಂಟು. ನ್ಯೂಯಾರ್ಕಿನ ಸ್ಟ್ಯಾಟನ್ ಐಲ್ಯಾಂಡಿನಲ್ಲಿ ಮನೆ, ಅಲ್ಲೇ ಒಂದು ಡೇಟಾ ಸೆಂಟರಿನಲ್ಲಿ ಮೇನ್‌ಫ್ರೇಮ್ ನೋಡಿಕೊಳ್ಳುವ ಕೆಲಸ. ಬೆಳಿಗ್ಗೆ ಐದಕ್ಕೆ ಶಿಫ್ಟು, ಆ ಹೊತ್ತಿಗೆ ಆ ಕಡೆ ಬಸ್ಸಿಲ್ಲ. ಲೈಸೆನ್ಸ್ ಕಿತ್ತುಕೊಂಡ ಸರ್ಕಾರ, ನಾನು ಕುಡುಕರ ಕ್ಲಾಸಿಗೆ ಹೆಸರು ಹಚ್ಚಿದ ಮೇಲೆ ಒಂದು ಷರತ್ತಿನ ಲೈಸೆನ್ಸ್ ಕೊಟ್ಟಿತ್ತು: ಕೆಲಸಕ್ಕೆ ಹೋಗಬಹುದು, ಡಾಕ್ಟರ ಹತ್ತಿರ ಹೋಗಬಹುದು, ಆ ಕ್ಲಾಸಿಗೆ ಹೋಗಬಹುದು. ಆದರೆ ಹಳೆಯ ಇನ್ಶೂರೆನ್ಸ್ ಕಂಪನಿ ನನ್ನನ್ನು ಕೈಬಿಟ್ಟಿತ್ತು, ಇನ್ಶೂರೆನ್ಸ್ ಇಲ್ಲದೆ ಕಾರನ್ನು ಬೀದಿಗಿಳಿಸುವಂತಿಲ್ಲ. ರಜೆಗಳೆಲ್ಲ ಮುಗಿದವು. ಸೋಮವಾರದಿಂದ ಸರಿಯಾಗಿ ಐದಕ್ಕೆ ಬಾ, ಇಲ್ಲವಾದರೆ ಬರಲೇಬೇಡ ಎಂದು ಮ್ಯಾನೇಜರ್ ಹೇಳಿಯಾಗಿತ್ತು. ಗ್ರೀನ್ ಕಾರ್ಡಿನ ಅರ್ಜಿ ಬೇರೆ ಆ ಕಂಪನಿಯ ಹೆಸರಿನಲ್ಲೇ ಇತ್ತು.

ಮುಕುಂದ ನನ್ನ ಕಾಗದಗಳನ್ನೆಲ್ಲ ಓದಿದ. ಮುಖದಲ್ಲಿ ಏನೂ ತೋರಿಸಲಿಲ್ಲ. ಅದೇ ನನಗೆ ಹೆಚ್ಚು ಉರಿಯಿತು.

"ಏನರ ಅನ್ರಿ ಮಾರಾಯಾ, ಬೈಯೋದಿದ್ರ ಬೈದುಬಿಡ್ರಿ" ಎಂದೆ.

"ಬೈಯೋಕೆ ನಾನ್ಯಾರು ಸಾರ್? ಪಾಲಿಸಿ ಸಿಗುತ್ತೆ, ಯಾರಿಗೂ ಬೇಡವಾದೋರಿಗೆ ಅಂತಲೇ ಒಂದು ಸ್ಕೀಮಿದೆ" ಎಂದ ಮುಕುಂದ. ಯಾರಿಗೂ ಬೇಡವಾದವರು! ಬೈದಿದ್ದರೇ ಚೆನ್ನಾಗಿತ್ತು. ಕಂಪ್ಯೂಟರಿನಲ್ಲಿ ಏನೋ ಒತ್ತಿ ಹುಬ್ಬು ಗಂಟಿಕ್ಕಿದ. "ಒಂದು ಪ್ರಾಬ್ಲಮ್ಮು. ನಿಮ್ಮ ಅಡ್ರೆಸ್ಸಲ್ಲಿ ಇನ್ನೊಂದು ಲೈಸೆನ್ಸ್ ತೋರಿಸ್ತಿದೆ. ಅಕ್ಷಿತ್ ಅಂತ. ಮನೇಲಿರೋ ಡ್ರೈವರ್‌ಗಳನ್ನೆಲ್ಲ ಕಂಪನಿ ಲೆಕ್ಕಕ್ಕೆ ತಗೊಳ್ಳುತ್ತೆ. ನಾನು ಅಲ್ಲಿಲ್ಲ, ಇವರ ಗಾಡಿ ಮುಟ್ಟಲ್ಲ ಅಂತ ಆತ ಸೈನ್ ಮಾಡಿಕೊಟ್ರೆ ಇವತ್ತೇ ಕಳಿಸ್ತೀನಿ."

ತಪ್ಪು ನನ್ನದೇ. ಇಸವಿ ಎರಡು ಸಾವಿರ ಬಂದರೆ ಕಂಪ್ಯೂಟರುಗಳೆಲ್ಲ ಕೆಡುತ್ತವೆಂಬ ವೈ-ಟು-ಕೆ ಗದ್ದಲದಲ್ಲಿ ಕನ್ಸಲ್ಟಿಂಗ್ ಕಂಪನಿಗಳು ಹುಡುಗರನ್ನು ವಿಮಾನದ ತುಂಬ ತಂದು ಸುರಿಯುತ್ತಿದ್ದ ಕಾಲದಲ್ಲಿ, ಪ್ರಾಜೆಕ್ಟ್ ಸಿಗುವವರೆಗೆ ಅವರು ನಮ್ಮ ಬೇಸ್‌ಮೆಂಟಿನಲ್ಲಿ ಮಲಗುತ್ತಿದ್ದರು. ಬ್ಯಾಂಕಿಗೂ ನನ್ನ ಅಡ್ರೆಸ್ಸು, ಲೈಸೆನ್ಸಿಗೂ ನನ್ನ ಅಡ್ರೆಸ್ಸು. ಅಕ್ಷಿತ್ ಅವರಲ್ಲೊಬ್ಬ, ಪುತ್ತೂರಿನ ಕಡೆಯವನು. ಗಾಡಿ ಓಡಿಸಲು ಕಲಿಸಿದ್ದು ನಾನೇ. ಅವನು ಮದುವೆಯಾಗಿ ನ್ಯೂಜೆರ್ಸಿಯ ಹ್ಯಾರಿಸನ್‌ಗೆ ಮನೆ ಬದಲಿಸಿದಾಗ, 'ಆರು ತಿಂಗಳಿಗೊಂದು ಊರು ಬದಲಿಸ್ತೀರಿ, ಲೈಸೆನ್ಸ್ ನನ್ನ ಅಡ್ರೆಸ್ಸಿನ ಮ್ಯಾಲೇ ಇರಲಿ ಬಿಡೋ' ಎಂದು ದೊಡ್ಡಸ್ತಿಕೆ ಮಾಡಿದವನೂ ನಾನೇ.

"ಎಲ್ಲಿದಾರೆ ಆತ? ಸಿಗ್ತಾರಾ?" ಎಂದ ಮುಕುಂದ.

ಸಿಗದೆ ಏನು! ಕೆಳಗೆ ಕಾರಿನಲ್ಲೇ ಕೂತಿದ್ದ. ನನ್ನನ್ನು ಐಸೆಲಿನ್‌ಗೆ ಕರೆತಂದವನೇ ಅವನು. ಮೂರು ತಿಂಗಳಿಂದ ಪ್ರತಿ ಶನಿವಾರ ಹ್ಯಾರಿಸನ್‌ನಿಂದ ಸ್ಟ್ಯಾಟನ್ ಐಲ್ಯಾಂಡಿಗೆ ಬಂದು ನಮ್ಮ ಮನೆಯ ಅಕ್ಕಿಬೇಳೆ, ಸಾಮಾನು ಕೊಡಿಸಿಕೊಡುತ್ತಿದ್ದ. ಅಂಕಲ್‌ಗೆ ಬೆನ್ನುನೋವು, ಡಾಕ್ಟರು ಡ್ರೈವ್ ಮಾಡಬೇಡಿ ಎಂದಿದ್ದಾರೆ ಎಂದು ನಂಬಿದ್ದ. ಆ ಸುಳ್ಳನ್ನು ಮೊದಲು ಫೋನಿನಲ್ಲಿ ಹೇಳಿದ್ದು ನನ್ನ ಹೆಂಡತಿ ಅಕ್ಕಮ್ಮ, ಮರ್ಯಾದೆ ಉಳಿಯಲಿ ಎಂದು. ಅದನ್ನು ಸೊಂಟ ಹಿಡಿದುಕೊಂಡು ನಡೆದು ತೋರಿಸಿದ್ದು ನಾನು.

ಮುಕುಂದ ಪ್ರಿಂಟ್ ತೆಗೆದುಕೊಟ್ಟ. ಒಂದೇ ಪುಟ. ಸಹಿಯ ಜಾಗದ ಮೇಲೆ ದಪ್ಪಕ್ಷರದಲ್ಲಿ ಎರಡು ಸಾಲು: ಅರ್ಜಿದಾರನ ಅಪರಾಧ, ಕುಡಿದು ವಾಹನ ಚಾಲನೆ, ಅಪರಾಧದ ದಿನ, ಮಾರ್ಚ್ ಹನ್ನೊಂದು, ಎರಡು ಸಾವಿರ.

ಅಂದು ಅಕ್ಷಿತ್‌ನ ಮಗಳ ತೊಟ್ಟಿಲ ಶಾಸ್ತ್ರ, ಇದೇ ಐಸೆಲಿನ್‌ನ ಒಂದು ಪಾರ್ಟಿ ಹಾಲ್‌ನಲ್ಲಿ. ಒಳಗೆ ಹೆಂಗಸರು ಜೋಗುಳ ಹಾಡುತ್ತಿದ್ದರು, ಹೊರಗೆ ಪಾರ್ಕಿಂಗ್ ಲಾಟಿನಲ್ಲಿ ನಾವು ಗಂಡಸರು ಒಬ್ಬನ ಕಾರಿನ ಡಿಕ್ಕಿ ತೆರೆದು ಪ್ಲಾಸ್ಟಿಕ್ ಲೋಟ ಹಿಡಿದಿದ್ದೆವು. ಊಟವಾದ ಮೇಲೆ ಅಕ್ಷಿತ್ ಓಡಿ ಬಂದು, ಹಾಲ್ ಖಾಲಿ ಮಾಡುವುದು ತಡವಾಗುತ್ತದೆ, ಅತ್ತೆಯನ್ನೂ ಮಗುವನ್ನೂ ಮನೆಗೆ ಬಿಡುತ್ತೀರಾ ಅಂಕಲ್ ಎಂದ. ಅದಕ್ಕೇನಪ್ಪ ಎಂದೆ. ಮಗುವಿನ ಸೀಟನ್ನು ತಾನೇ ನನ್ನ ಕಾರಿಗೆ ಕಟ್ಟಿ, ಬೆಲ್ಟನ್ನು ಮೂರು ಸಲ ಎಳೆದು ನೋಡಿದ. ನನ್ನ ಬಾಯಿ ಮೂಸಿ ನೋಡಬೇಕೆಂದು ಅವನಿಗೆ ಹೊಳೆಯಲಿಲ್ಲ, ಪಾಪ. ಅವರನ್ನು ಹ್ಯಾರಿಸನ್‌ನಲ್ಲಿ ಇಳಿಸಿ, ಸೇತುವೆ ದಾಟಿ ನಮ್ಮ ಊರಿಗೆ ಬಂದ ಮೇಲೆ ಪೊಲೀಸರು ಹಿಡಿದರು. ಠಾಣೆಯಲ್ಲಿ ಬೆಲ್ಟು, ವಾಚು ಬಿಚ್ಚಿಸಿಕೊಂಡು, ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನೂ ಬಿಚ್ಚಿಸಿ, ಇದೇನು ಎಂದು ಕೇಳಿದರು. ಆದರೆ ಅದೂ ಸಣ್ಣದೇ. ಮೂರು ತಿಂಗಳಿಂದ ನಾನು ಬಚ್ಚಿಟ್ಟದ್ದು ಜೈಲಿನ ವಿಷಯವಲ್ಲ, ಆ ಹಿಂದಿನ ಸೀಟಿನ ವಿಷಯ. ಅಕ್ಷಿತ್‌ಗೆ ಅದು ತಿಳಿದರೆ ನಾನು ಬದುಕಿದ್ದೂ ಸತ್ತಂತೆ.

"ಅವರು ಓದಲ್ಲ ಬಿಡಿ ಸಾರ್. ಇಲ್ಲಿ ಸೈನು ಅಂತ ತೋರಿಸಿ, ಮಾಡಿಬಿಡ್ತಾರೆ" ಎಂದ ಮುಕುಂದ. ಅವನಿಗೆ ಆ ದಿನದ ಕತೆ ಗೊತ್ತಿರಲಿಲ್ಲ.

ಕೆಳಗಿಳಿದೆ. ಅಕ್ಷಿತ್ ಬಾನೆಟ್ಟಿಗೆ ಒರಗಿ ನಿಂತಿದ್ದ. ಅವನ ಅತ್ತೆ, ಬೇಬಿ ಎಂದು ಅವರ ಹೆಸರು, ಮಗುವಿನೊಂದಿಗೆ ಹಿಂದಿನ ಸೀಟಿನಲ್ಲಿದ್ದರು. ನನ್ನನ್ನು ಕಂಡದ್ದೇ ಕಿಟಕಿಯ ಗಾಜು ಇಳಿಸಿದರು.

"ಮೆಟ್ಟಿಲು ಹತ್ತಿದ್ರಲ್ಲ, ಬೆನ್ನು ಹೇಗುಂಟು ಅಣ್ಣ? ಒಂದು ಒಳ್ಳೆ ಎಣ್ಣೆ ಉಂಟು, ಊರಿಂದ ಬರುವವರ ಹತ್ರ ತರ್ಸ್ತೇನೆ ಆಯ್ತಾ?"

"ಅಡ್ಡಿಯಿಲ್ರಿ, ಈಗ ಆರಾಮ ಅದ" ಎಂದೆ. ಆಮೇಲೆ ಅಕ್ಷಿತ್ ಕಡೆ ತಿರುಗಿ, "ಅಡ್ರೆಸ್ಸಿಂದು ಒಂದು ಕಾಗದ ಅದನೋ. ನೀ ನಮ್ಮ ಮನ್ಯಾಗ ಇಲ್ಲ ಅಂತ ಬರಕೊಡಬೇಕಂತ" ಎಂದೆ. ಕಾಗದವನ್ನು ಬಾನೆಟ್ ಮೇಲಿಟ್ಟು ಹಾರದಂತೆ ಹಿಡಿದೆ. ನನ್ನ ಅಂಗೈ ಆ ಎರಡು ಸಾಲಿನ ಮೇಲಿತ್ತು.

"ಎಲ್ಲಿ ಅಂಕಲ್? ಇಲ್ಲಿಯಾ?" ಎಂದ. ಸಹಿ ಹಾಕಿಬಿಟ್ಟ. ಪೆನ್ನಿನ ಮುಚ್ಚಳ ಮುಚ್ಚಿ ನನ್ನ ಜೇಬಿಗೆ ತಾನೇ ಸಿಕ್ಕಿಸಿದ.

ಕೆಲಸ ಉಳಿಯಿತು, ಗ್ರೀನ್ ಕಾರ್ಡ್ ಉಳಿಯಿತು, ಮುಖವೂ ಉಳಿಯಿತು. ಕಾಗದ ಮಡಿಸಿಕೊಂಡು ನಾಲ್ಕು ಮೆಟ್ಟಿಲು ಹತ್ತಿದೆ. ಐದನೆಯದಕ್ಕೆ ಕಾಲು ಏಳಲಿಲ್ಲ. ಥೂ ನನ್ನ ಜನ್ಮಕ್ಕಿಷ್ಟು! ಅಪ್ಪನ ಹಾಗೆ ನಂಬಿದವನ ಕಣ್ಣಿಗೆ ಅಂಗೈ ಅಡ್ಡ ಹಿಡಿದು ಸಹಿ ಹಾಕಿಸಿಕೊಂಡೆನಲ್ಲ. ಕುಡಿದಿದ್ದೆ, ಬುದ್ಧಿ ಇರಲಿಲ್ಲ ಎಂದು ಅಂದಿನದಕ್ಕಾದರೂ ಹೇಳಬಹುದು. ಇವತ್ತು ಕುಡಿದಿರಲಿಲ್ಲ.

ಹಿಂದಿರುಗಿ ಬಂದು ಕಾಗದವನ್ನು ಅವನ ಎದೆಗೆ ಹಿಡಿದೆ. "ಓದು."

"ಎಂತ ಅಂಕಲ್, ಸೈನ್ ಸರಿ ಆಗ್ಲಿಲ್ವಾ?"

"ಓದಂದ್ರ ಓದೋ!" ಎಂದು ಗದರಿದೆ. ಅಂಥ ಹೊತ್ತಿನಲ್ಲೂ ನನ್ನ ಸಿಟ್ಟಿಗೆ ನಾಚಿಕೆಯಿಲ್ಲ.

ಓದಿದ. ಎರಡನೆಯ ಸಲ ಓದಿದ. ಅವನ ತುಟಿ ತಾರೀಖನ್ನು ಸದ್ದಿಲ್ಲದೆ ಹೇಳಿತು. ತಿರುಗಿ ಕಾರಿನ ಹಿಂದಿನ ಸೀಟು ನೋಡಿದ. ಮಗು ಬಾಯಿಗೆ ಮುಷ್ಟಿ ತುರುಕಿಕೊಂಡು ಅವನನ್ನೇ ನೋಡುತ್ತಿತ್ತು.

"ಎಂತ ಬರ್ದುಂಟು ಅದ್ರಲ್ಲಿ?" ಎಂದರು ಬೇಬಿ. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ನಾನೇ ಹೇಳಬೇಕಾಯಿತು.

"ನನಗ ಬೆನ್ನುನೋವು ಇಲ್ರಿ. ತೊಟ್ಟಿಲದ ದಿನ ನಿಮ್ಮನ್ನ, ಕೂಸಿನ್ನ ಮನಿಗೆ ಬಿಟ್ಟೆನಲ್ಲ, ಆವಾಗ ನಾ ಕುಡಿದಿದ್ದೆ. ನಿಮ್ಮನ್ನ ಇಳಿಸಿ ಹೊಂಟಾಗ ಪೊಲೀಸರು ಹಿಡದರು. ಲೈಸೆನ್ಸ್ ಹೋಗೇದ. ತಪ್ಪಾತು."

ಅಕ್ಷಿತ್ ಕಾಗದ ಹರಿದುಹಾಕಿದ್ದರೆ ನಾನು ಒಪ್ಪುತ್ತಿದ್ದೆ. ಕೆನ್ನೆಗೆ ಬಾರಿಸಿದ್ದರೂ ಒಪ್ಪುತ್ತಿದ್ದೆ. ಅವನು ಅದನ್ನು ಹಿಡಿದುಕೊಂಡು ಮೆಟ್ಟಿಲು ಹತ್ತಿ ಮುಕುಂದನ ಆಫೀಸಿಗೆ ಹೋದ.

ಬೇಬಿ ಮಗುವಿನ ಮುಷ್ಟಿಯನ್ನು ಬಾಯಿಂದ ಮೆಲ್ಲಗೆ ಬಿಡಿಸಿದರು. ಆಮೇಲೆ ಹೇಳಿದರು: "ನೀವು ಅವತ್ತು ಏಲಕ್ಕಿ ಜಗಿತಾ ಇದ್ರಿ. ನನಗೂ ಒಂದು ಕೊಡಿ ಅಂತ ಕೇಳಿ ತಗೊಂಡಿದ್ದೆ."

"ಹೌದ್ರಿ, ವಾಸನಿ ಹೊಡೀಬಾರದಂತ."

"ಮಗಳಿಗೆ ಹೇಳಿದ್ದೆ, ಅಣ್ಣ ಎಷ್ಟು ಮೆಲ್ಲ ಬಿಡ್ತಾರೆ ಮಾರಾಯ್ತಿ, ಮಗುವಿಗೆ ಎಚ್ಚರವೇ ಆಗ್ಲಿಲ್ಲ ಅಂತ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನನ್ನನ್ನು ಹೊಗಳಿದ್ದಕ್ಕೆ ತಮಗೇ ನಾಚಿಕೆಯಾದಂತೆ ಸೆರಗು ಸರಿಮಾಡಿಕೊಂಡರು.

ಅಕ್ಷಿತ್ ಇಳಿದು ಬಂದ. "ಕೊಟ್ಟೆ. ಸೋಮವಾರ ಬೆಳಿಗ್ಗೆಯಿಂದ ಕವರ್ ಆಗ್ತದಂತೆ" ಎಂದ. ಅಂಕಲ್ ಎನ್ನಲಿಲ್ಲ. ಡ್ರೈವರ್ ಸೀಟಿನಲ್ಲಿ ಕೂತು ಸ್ಟೀರಿಂಗ್ ಹಿಡಿದುಕೊಂಡ, ಕೀಲಿ ತಿರುಗಿಸಲಿಲ್ಲ.

"ನಾ ಮೆಟ್ರೊಪಾರ್ಕ್ ಸ್ಟೇಷನ್ನಿಗೆ ನಡಕೊಂಡು ಹೋಗಿ ಟ್ರೇನ್ ಹಿಡೀತೀನಪಾ. ನಿಮಗ್ಯಾಕ ತ್ರಾಸು" ಎಂದೆ.

ನಮ್ಮ ಜನರಲ್ಲಿ ಇದೊಂದು ಮಾತಿನ ರೀತಿ. ಹೋಗ್ತೀನಿ ಎನ್ನಬೇಕು, ಛೆ ಛೆ, ಎಲ್ಲಾದರೂ ಉಂಟೇ, ಕೂತುಕೊಳ್ಳಿ ಎಂದು ಎದುರಿನವರು ಕೈ ಹಿಡಿದೆಳೆಯಬೇಕು. ಆರು ವರ್ಷದ ಅಮೆರಿಕದಲ್ಲಿ ಹಾಗೆ ಹೇಳಿಸಿಕೊಳ್ಳದ ಒಂದು ದಿನವೂ ನನಗೆ ನೆನಪಿಲ್ಲ. ನಾನು ಕಾರಿನ ಬಾಗಿಲು ಹಿಡಿದು ನಿಂತೇ ಇದ್ದೆ.

ಬೇಬಿ ಮಗುವಿನ ಕುಲಾವಿಯ ದಾರ ಕಟ್ಟತೊಡಗಿದರು. ಅಕ್ಷಿತ್ ಇಳಿದು ಹಿಂದಕ್ಕೆ ಹೋದ, ಡಿಕ್ಕಿ ತೆರೆದ, ನಮ್ಮ ಮನೆಗೆಂದು ಕೊಂಡಿದ್ದ ಅಕ್ಕಿಯ ಚೀಲವನ್ನು ಎತ್ತಿ ನನ್ನ ಕಾಲ ಹತ್ತಿರ ಫುಟ್‌ಪಾತಿನ ಮೇಲೆ ಇಟ್ಟ.